ರೊಟ್ಟಿ ಹರಿದರೆ ಮೊದಲು ಡಬ್ಬಿ ನೋಡಿ: ಜೋಳದ ರೊಟ್ಟಿಯ ದೋಷ ನಿವಾರಣೆ

ಬೋರ್‌ವೆಲ್ ಮೋಟಾರ್ ರಿಪೇರಿ ನನ್ನ ಕಸುಬು. ವಿಜಯಪುರದಲ್ಲಿ ಸಣ್ಣ ಅಂಗಡಿ. ಬೇಸಿಗೆಯಲ್ಲಿ ದಿನಕ್ಕೊಬ್ಬರಾದರೂ ಟಂಟಂನಲ್ಲಿ ಮೋಟಾರ್ ಹೇರಿಕೊಂಡು ಬಂದು, "ಸುಟ್ಟದ ನೋಡ್ರಿ" ಎಂದು ಅಂಗಡಿ ಮುಂದೆ ಇಳಿಸುತ್ತಾರೆ. ಬಿಚ್ಚಿ ನೋಡಿದರೆ ಎಷ್ಟೋ ಸಲ ಒಳಗಿನ ವೈಂಡಿಂಗ್, ಅಂದರೆ ತಂತಿಯ ಸುತ್ತು, ಹೊಸದರಂತೆ ಹೊಳೆಯುತ್ತಿರುತ್ತದೆ. ತಪ್ಪು ಹೊಲದಲ್ಲೇ, ಮೇಲೆಯೇ ಇರುತ್ತದೆ. ಮೂರು ಫೇಸ್ ಕರೆಂಟಿನಲ್ಲಿ ಒಂದು ಬಂದಿರುವುದಿಲ್ಲ, ಇಲ್ಲವೇ ಮೋಟಾರ್ ಚಾಲೂ ಮಾಡುವ ಸ್ಟಾರ್ಟರ್ ಪೆಟ್ಟಿಗೆಯ ಪಾಯಿಂಟ್ ಕರಿದಾಗಿರುತ್ತದೆ. ಮೋಟಾರ್ ಮೇಲೆತ್ತಿಸಿದ ಕೂಲಿ ಸುಮ್ನೆ ದಂಡ.

ಅದಕ್ಕೇ ನಮ್ಮ ಕಸುಬಿನಲ್ಲಿ ಒಂದು ಕ್ರಮ ಇದೆ. ಕರೆಂಟ್ ಎಲ್ಲಿಂದ ಬರುತ್ತದೋ ಅಲ್ಲಿಂದ ಶುರು ಮಾಡಿ ಕೆಳಗಿಳಿಯುತ್ತಾ ನೋಡಬೇಕು. ಮೋಟಾರ್ ಕೊನೆಗೆ. ಈ ಕ್ರಮ ಅಡುಗೆಮನೆಗೂ ನಡೆಯುತ್ತದೆ ಎಂದು ಗೊತ್ತಾಗಲು ನನಗೆ ಹದಿನೈದು ದಿನ ಹಿಡಿಯಿತು. ಅಷ್ಟೂ ದಿನ ನನ್ನ ಕೈಯನ್ನೇ ಬೈದುಕೊಂಡೆ.

ಆದದ್ದು ಇಷ್ಟು. ಎರಡು ವರ್ಷದ ಹಿಂದೆ ಮೇ ತಿಂಗಳಲ್ಲಿ ಅವ್ವ ಬಚ್ಚಲಲ್ಲಿ ಜಾರಿ ಬಲಗೈ ಮುರಿದುಕೊಂಡಳು. ಪ್ಲಾಸ್ಟರ್ ಹಾಕಿಸಿದ ಮೇಲೆ ಅಕ್ಕ ಬಂದು ಬಾಗಲಕೋಟೆಗೆ ಕರೆದುಕೊಂಡು ಹೋದಳು. ಮನೆಯಲ್ಲಿ ಉಳಿದವರು ನಾನು, ಹೆಂಡತಿ, ಮಗಳು. ಹೆಂಡತಿ ಬೆಳಗಾವಿ ಕಡೆಯವಳು. ಚಪಾತಿ ಎಂದರೆ ಅವಳ ಕೈ ಕಣ್ಣು ಮುಚ್ಚಿಕೊಂಡು ಓಡುತ್ತದೆ. ಜೋಳದ ರೊಟ್ಟಿಗೆ ಮಾತ್ರ ಅವಳು ಇಷ್ಟು ವರ್ಷ ಕೈ ಹಾಕಿಯೇ ಇಲ್ಲ, ಅವ್ವ ಹಾಕಗೊಟ್ಟೂ ಇಲ್ಲ. ಮೇಲೆ ಅವಳಿಗೆ ಏಳೂಕಾಲಿನ ಬಸ್. ನನಗೆ ರೊಟ್ಟಿ ಇಲ್ಲದೆ ಊಟ ಇಳಿಯುವುದಿಲ್ಲ. ಹೀಗೆ ನಲವತ್ತೆರಡನೇ ವಯಸ್ಸಿನಲ್ಲಿ ನಾನು ಹಿಟ್ಟು ನಾದುವ ಪರಾತದ ಮುಂದೆ ಕೂತೆ.

ಮೊದಲ ದಿನ ಆರು ರೊಟ್ಟಿ ಬಡಿದೆ. ಆರೂ ಅಂಚಿನಲ್ಲಿ ಬಿರಿದವು. ಎರಡು ಎತ್ತುವಾಗಲೇ ಹರಿದವು. ಒಂದೂ ಉಬ್ಬಲಿಲ್ಲ. ಮಗಳು ತುಂಡುಗಳನ್ನು ಜೋಡಿಸಿ ಕರ್ನಾಟಕದ ನಕ್ಷೆ ಮಾಡಿದಳು. ಅವ್ವನಿಗೆ ಫೋನ್ ಹಚ್ಚಿದರೆ, "ಎಸರು ಛಲೋ ಕುದಸು" ಎಂದಳು. ಕುದಿಸಿದೆ. "ಛಲೋ ನಾದು" ಎಂದಳು. ನಾದಿದೆ. ಭುಜ ನೋವು ಬಂತು, ರೊಟ್ಟಿ ಬರಲಿಲ್ಲ.

ಅದಲು ಬದಲು

ಸ್ಟಾರ್ಟರ್ ಕೆಟ್ಟಿದೆಯೋ ಮೋಟಾರ್ ಕೆಟ್ಟಿದೆಯೋ ಗೊತ್ತಾಗದಿದ್ದರೆ ನಾವು ಮಾಡುವುದು ಒಂದೇ ಕೆಲಸ. ಚೆನ್ನಾಗಿ ನಡೆಯುತ್ತಿರುವ ಇನ್ನೊಂದು ಸ್ಟಾರ್ಟರ್ ತಂದು ಹಚ್ಚುತ್ತೇವೆ. ಬೇರೆ ಯಾವುದನ್ನೂ ಮುಟ್ಟುವುದಿಲ್ಲ. ಮೋಟಾರ್ ತಿರುಗಿದರೆ ತಪ್ಪು ಸ್ಟಾರ್ಟರ್‌ದು.

ಹದಿನಾರನೇ ದಿನ ಅದೇ ಬುದ್ಧಿ ಓಡಿತು. ಪಕ್ಕದ ಮನೆ ವೈನಿ ಹತ್ತಿರ ಎರಡು ವಾಟಗಾ (ಬಟ್ಟಲು) ಹಿಟ್ಟು ಕೇಳಿ ತಂದೆ. ನಮ್ಮ ಹಿಟ್ಟು ಎರಡು ವಾಟಗಾ ಅವರಿಗೆ ಕೊಟ್ಟೆ. "ನೀವು ನಮ್ಮ ಹಿಟ್ಟಿನಲ್ಲಿ ಬಡೀರಿ, ನಾನು ನಿಮ್ಮ ಹಿಟ್ಟಿನಲ್ಲಿ ಬಡೀತೀನಿ" ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನ್ ತಮ್ಮಾ, ಅಂಗಡಿ ಬಂದ್ ಇಟ್ಟೀಯೇನು?" ಎಂದು ಕೇಳಿದರು.

ಅರ್ಧ ಗಂಟೆಯಲ್ಲಿ ಗೋಡೆಯ ಆಚೆಯಿಂದ ಕೂಗು ಬಂತು. ಮೂವತ್ತು ವರ್ಷದಿಂದ ರೊಟ್ಟಿ ಬಡಿಯುವ ವೈನಿಯ ಕೈಯಲ್ಲೂ ನಮ್ಮ ಹಿಟ್ಟು ಬಿರಿದಿತ್ತು. ಇತ್ತ ಅವರ ಹಿಟ್ಟಿನಲ್ಲಿ ನಾನು ಬಡಿದ ನಾಲ್ಕು ರೊಟ್ಟಿಗಳಲ್ಲಿ ಮೂರು ಅಂಚು ಬಿರಿಯದೆ ಹಂಚಿಗೆ ಹೋದವು. ಎರಡು ಉಬ್ಬಿದವು. ನಾನು ಮಗಳನ್ನು ನಿದ್ದೆಯಿಂದ ಎಬ್ಬಿಸಿ ತೋರಿಸಿದೆ.

ಅವ್ವನಿಗೆ ಫೋನ್ ಮಾಡಿ ಹಿಟ್ಟು ಸರಿ ಇಲ್ಲ ಎಂದೆ. "ಯಾವ ಡಬ್ಬಿದು?" ಎಂದು ಕೇಳಿದಳು. ದೊಡ್ಡದು ಎಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ನಗು. ಹೋಳಿ ಹುಣ್ಣಿಮೆ ಹೊತ್ತಿಗೆ ಅಕ್ಕನ ಮನೆ ಕಾರ್ಯಕ್ಕೆಂದು ಬೀಸಿಸಿ ಉಳಿದದ್ದು ಅದು. "ಎಮ್ಮಿಗೆ ಹಾಕಾಕ ಇಟ್ಟಿದ್ದೋ ಯಪ್ಪಾ ಅದು!" ರೊಟ್ಟಿಯ ಹಿಟ್ಟು ಅದರ ಹಿಂದೆ, ಸಣ್ಣ ಡಬ್ಬಿಯಲ್ಲಿತ್ತು.

ಎರಡು ತಿಂಗಳಿಗೆ ಮೇಲಾದ ಹಿಟ್ಟು, ಅದೂ ನಮ್ಮೂರಿನ 40 ಡಿಗ್ರಿ ಬಿಸಿಲಿನಲ್ಲಿ. ಆದರೆ ವೈನಿಯ ಒಳ್ಳೆ ಹಿಟ್ಟಿನಲ್ಲೂ ನನ್ನ ಎರಡು ರೊಟ್ಟಿ ಉಬ್ಬಲಿಲ್ಲ, ಅಲ್ವಾ? ಆ ಎರಡು ನನ್ನ ಕೈಯವು. ಒಂದು ಕೆಟ್ಟ ಭಾಗ ಬದಲಿಸಿದ ಮೇಲೆಯೇ ಅದರ ಹಿಂದೆ ಅಡಗಿದ್ದ ಇನ್ನೊಂದು ಕಾಣುವುದು. ಹಾಗಾಗಿ ಮೇಲಿನಿಂದ ಕೆಳಗೆ ಹೋಗೋಣ.

ಹಿಟ್ಟು

ಹಿಟ್ಟು ಹಳತಾದರೆ ನಮ್ಮ ಕಡೆ "ಜಿಗಿ ಹೋಗ್ಯದ" ಎನ್ನುತ್ತಾರೆ. ಹಿಟ್ಟು ಒಂದಕ್ಕೊಂದು ಹಿಡಿದುಕೊಳ್ಳುವ ಗುಣವೇ ಜಿಗಿ. ಇದನ್ನು ನೋಡಲು ರೊಟ್ಟಿ ಬಡಿಯಲೇಬೇಕು ಅಂತಿಲ್ಲ. ಒಂದು ಹಿಡಿ ಹಿಟ್ಟಿಗೆ ಕುದಿಯುವ ನೀರು ಹಾಕಿ, ಚೆನ್ನಾಗಿ ನಾದಿ, ನಿಂಬೆ ಗಾತ್ರದ ಉಂಡೆ ಮಾಡಿ ಅಂಗೈಯಲ್ಲಿ ಒತ್ತಿ. ಅಂಚು ದುಂಡಗೆ, ನುಣ್ಣಗೆ ಉಳಿದರೆ ಹಿಟ್ಟು ಸರಿ. ಬಿರಿದರೆ ಎರಡು ಚಮಚ ಬಿಸಿ ನೀರು ಹಾಕಿ ಮತ್ತೆ ನಾದಿ, ಮತ್ತೆ ಒತ್ತಿ. ಈಗ ಬಿರಿಯದಿದ್ದರೆ ನೀರು ಕಡಿಮೆ ಆಗಿತ್ತು ಅಷ್ಟೇ. ಆಗಲೂ ಬಿರಿದರೆ ಹಿಟ್ಟನ್ನೇ ಬದಲಿಸಬೇಕು. ಈ ಪರೀಕ್ಷೆಗೆ ಐದು ನಿಮಿಷ ಸಾಕು. ನನಗೆ ಹದಿನೈದು ದಿನ ಉಳಿಯುತ್ತಿತ್ತು.

ಇನ್ನೊಂದು ಪರೀಕ್ಷೆ ನಾಲಿಗೆಯದು. ಚಿಟಿಕೆ ಒಣ ಹಿಟ್ಟು ಬಾಯಿಗೆ ಹಾಕಿ. ಒಳ್ಳೆ ಹಿಟ್ಟು ಸ್ವಲ್ಪ ಸಿಹಿ ಎನಿಸುತ್ತದೆ. ಹಳೇದು ಕಹಿ, ಕಮಟು. ಜೋಳದ ಕಾಳಿನ ಮೊಳಕೆಯ ಭಾಗದಲ್ಲಿ ಎಣ್ಣೆ ಅಂಶ ಇರುತ್ತದೆ. ಕಾಳು ಇಡಿಯಾಗಿದ್ದಾಗ ಅದು ಒಳಗೇ ಭದ್ರ. ಬೀಸಿದ ಮೇಲೆ ಗಾಳಿಗೆ ಬಿದ್ದು ಕೆಡಲು ಶುರುವಾಗುತ್ತದೆ. ಬಿಸಿಲಿಗೆ ಇನ್ನೂ ಬೇಗ. ದೊಡ್ಡ ಡಬ್ಬಿಯ ಹಿಟ್ಟು ಕಹಿ ಇತ್ತು. ನಾನು ಅದನ್ನು ಗುರೆಳ್ಳು ಚಟ್ನಿಯ ಕಹಿ ಎಂದುಕೊಂಡು ತಿಂದಿದ್ದೆ.

ಅದಕ್ಕೇ ಕಾಳು ವರ್ಷಕ್ಕಾಗುವಷ್ಟು ಇಡಿ, ಹಿಟ್ಟು ಹದಿನೈದು ದಿನಕ್ಕಾಗುವಷ್ಟು ಬೀಸಿಸಿ. ನಾನು ಈಗ ಡಬ್ಬಿಯ ಮೇಲೆ ಮೋಟಾರಿಗೆ ನಂಬರ್ ಬರೆಯುವ ಮಾರ್ಕರ್‌ನಿಂದ ಬೀಸಿಸಿದ ತಾರೀಖು ಬರೆಯುತ್ತೇನೆ. 2023 ಅನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷ ಎಂದು ಆಚರಿಸಿದ್ದು ನೆನಪಿರಬೇಕು. ನಮ್ಮ ಜೋಳಕ್ಕೂ ಆಗ ಬಲು ಮರ್ಯಾದೆ ಸಿಕ್ಕಿತು. ಬೆಂಗಳೂರಿನ ನೆಂಟರೆಲ್ಲ ಪ್ಯಾಕೆಟ್ ಹಿಟ್ಟು ತಂದು ರೊಟ್ಟಿ ಬರ್ತಿಲ್ಲ ಅಂತ ಫೋನ್ ಮಾಡುತ್ತಾರೆ. ನಾನು ಕೇಳುವುದು ಒಂದೇ ಮಾತು: ಪ್ಯಾಕೆಟ್ ಮೇಲೆ ಬೀಸಿದ ತಿಂಗಳು ಯಾವುದು ಅಂತ ಇದೆ? ಹೊಸ ಹಿಟ್ಟು ಸಿಗದ ಕಡೆ ಒಂದು ಉಪಾಯ ಇದೆ. ಒಂದು ಹಿಡಿ ಹಿಟ್ಟನ್ನು ನೀರಲ್ಲಿ ಕದಡಿ, ಅಂಬಲಿಯ ಹಾಗೆ ಕುದಿಸಿ, ಆ ಬಿಸಿ ಅಂಟಿನಲ್ಲೇ ಉಳಿದ ಹಿಟ್ಟು ನಾದಿ. ಜಿಗಿ ಸ್ವಲ್ಪ ಮರಳುತ್ತದೆ. ಕಹಿ ಮಾತ್ರ ಹೋಗುವುದಿಲ್ಲ. ಕೆಲವರು ಗೋಧಿ ಹಿಟ್ಟು ಬೆರೆಸುತ್ತಾರೆ. ರೊಟ್ಟಿ ಹರಿಯುವುದಿಲ್ಲ ನಿಜ, ಆದರೆ ಅದು ಚಪಾತಿಯ ದಾಯಾದಿ ಆಗುತ್ತದೆ. ನನಗೆ ಸೇರುವುದಿಲ್ಲ. ಬೀಸುವಾಗಲೇ ಜೋಳಕ್ಕೆ ಒಂದು ಹಿಡಿ ಉದ್ದು ಸೇರಿಸುವ ಮನೆಗಳಿವೆ, ಅದು ನಡೆದೀತು.

ಹಿಟ್ಟಿಗಿಂತ ಇನ್ನೂ ಮೇಲೆ ಹೋದರೆ ಕಾಳು. ರೊಟ್ಟಿಗೆ ಹಿಂಗಾರಿ ಬಿಳಿ ಜೋಳವೇ ಆಗಬೇಕು. ಮಳೆಗಾಲದ ಕೊನೆಗೆ ಎರೆ (ಕಪ್ಪು ಮಣ್ಣಿನ) ಹೊಲದಲ್ಲಿ ಬಿತ್ತಿ, ನೆಲದ ಹಸಿಯಲ್ಲೇ ಬೆಳೆದು, ಫೆಬ್ರುವರಿ ಮಾರ್ಚ್ ಹೊತ್ತಿಗೆ ಒಣ ಹವೆಯಲ್ಲಿ ಕೊಯ್ಲಾಗುವ ಜೋಳ. ಡೋಣಿ ನದಿ ದಂಡೆಯ ಎರೆ ಹೊಲದ ಜೋಳ ಎಂದರೆ ನಮ್ಮ ಅವ್ವ ರೇಟು ಕೇಳುವುದೇ ಇಲ್ಲ. ಮಾರುಕಟ್ಟೆಯಲ್ಲಿ ಮಾಲದಂಡಿ ಎಂದು ಕೇಳಿ. ಕೃಷಿ ಇಲಾಖೆಯವರ ಬಾಯಲ್ಲಿ ಅದು ಎಂ 35-1. ಮುಂಗಾರಿ ಹೈಬ್ರಿಡ್ ಜೋಳ ತೆನೆ ಮಾಗುವ ಹೊತ್ತಿಗೆ ಮಳೆಗೆ ಸಿಕ್ಕರೆ ಕಾಳಿಗೆ ಬೂಷ್ಟು ಹತ್ತಿ ಕರಿದಾಗುತ್ತದೆ. ಕಡಿಮೆ ರೇಟಿಗೆ ಸಿಗುತ್ತದೆ. ಅದರ ರೊಟ್ಟಿ ಮಂಕು ಬಣ್ಣಕ್ಕೆ ತಿರುಗಿ, ಆರಿದ ಕೂಡಲೇ ಮುರಿಯುತ್ತದೆ.

ಗಿರಣಿಯಲ್ಲಿ ಎರಡು ಮಾತು ಹೇಳಿ ಬನ್ನಿ. ಸಣ್ಣಗೆ ಬೀಸಿ, ಮತ್ತು ಗೋವಿನಜೋಳ (ಮುಸುಕಿನ ಜೋಳ) ಬೀಸಿದ ಬೆನ್ನಿಗೇ ಬೀಸಬೇಡಿ. ಗಿರಣಿ ಕಲ್ಲಿಗೆ ಹೊಸದಾಗಿ ಉಳಿ ಪೆಟ್ಟು ಹಾಕಿಸಿದ ದಿನ ಹೋಗಲೇಬೇಡಿ. ಹಲ್ಲಿಗೆ ಕಲ್ಲು ಸಿಗುತ್ತದೆ.

ಎಸರು

ಗೋಧಿಯಲ್ಲಿ ಗ್ಲುಟೆನ್ ಇದೆ. ನಾದಿದಷ್ಟೂ ರಬ್ಬರಿನ ಹಾಗೆ ಹಿಗ್ಗುತ್ತದೆ. ಜೋಳದಲ್ಲಿ ಅದು ಇಲ್ಲವೇ ಇಲ್ಲ. ಜೋಳದ ಹಿಟ್ಟನ್ನು ಹಿಡಿದಿಡುವುದು ಅದರದ್ದೇ ಬೆಂದ ಗಂಜಿ. ಕುದಿಯುವ ನೀರು ಬಿದ್ದಾಗ ಹಿಟ್ಟಿನ ಪಿಷ್ಟ ನೀರು ಕುಡಿದು, ಉಬ್ಬಿ, ಅಂಟಾಗುತ್ತದೆ. ಅದಕ್ಕೆ ಹೆಚ್ಚುಕಡಿಮೆ 70 ಡಿಗ್ರಿ ಬಿಸಿ ಬೇಕು. ಪಾತ್ರೆಯಲ್ಲಿ ಕುದಿಯುತ್ತಿದ್ದ ನೀರು ತಣ್ಣನೆ ಹಿಟ್ಟಿಗೆ, ತಣ್ಣನೆ ಸ್ಟೀಲ್ ಪರಾತಕ್ಕೆ ಬಿದ್ದ ಕೂಡಲೇ ಎಷ್ಟೋ ಬಿಸಿ ಕಳೆದುಕೊಳ್ಳುತ್ತದೆ. ನಾನು ಮೊದಮೊದಲು ಏನು ಮಾಡುತ್ತಿದ್ದೆ ಅಂದರೆ, ನೀರು ಕುದಿಸಿ ಇಳಿಸಿ, ಅಂಗಡಿಯ ಫೋನ್ ಎತ್ತಿ ಮಾತಾಡಿ, ಆಮೇಲೆ ಹಾಕುತ್ತಿದ್ದೆ. ಕೈ ಸುಡುವಷ್ಟು ಬಿಸಿ ಇರುತ್ತಿತ್ತು, ಹಿಟ್ಟು ಬೇಯುವಷ್ಟು ಇರುತ್ತಿರಲಿಲ್ಲ.

ಕಣ್ಣಿಂದಲೇ ಹೇಳಬಹುದು. ಎಸರು ಬಿದ್ದ ಜಾಗದ ಹಿಟ್ಟು ಬಣ್ಣ ಸ್ವಲ್ಪ ಗಾಢವಾಗಿ, ಮೇಣದ ಹಾಗೆ ಹೊಳೆದರೆ ಬೆಂದಿದೆ. ಒದ್ದೆ ಮರಳಿನ ಹಾಗೆ ಬೆಳ್ಳಗೆ ಉದುರಾಗಿದ್ದರೆ ಬೆಂದಿಲ್ಲ. ಆಗ ಎಷ್ಟು ನಾದಿದರೂ ಅಷ್ಟೇ.

ಅಳತೆ ಕೇಳಿದರೆ, ನನ್ನದು ಒಂದು ವಾಟಗಾ ಹಿಟ್ಟಿಗೆ ಮುಕ್ಕಾಲು ವಾಟಗಾ ಎಸರು. ಹೊಸ ಜೋಳ ಸ್ವಲ್ಪ ಕಡಿಮೆ ಕುಡಿಯುತ್ತದೆ, ಹಳೇ ಜೋಳ ಒಂದೆರಡು ಚಮಚ ಜಾಸ್ತಿ ಕೇಳುತ್ತದೆ. ಹಿಟ್ಟಿನ ನಡುವೆ ಗುಂಡಿ ಮಾಡಿ ಎಸರು ಸುರಿದು, ಚಮಚದಿಂದ ಕಲಸಿ, ಎರಡು ನಿಮಿಷ ಮುಚ್ಚಿಡಿ. ಆ ಬಿಸಿಯಲ್ಲಿ ಇನ್ನಷ್ಟು ಬೇಯುತ್ತದೆ. ಆಮೇಲೆ ಕೈ ಹಾಕಿ.

ನಾದುವುದು ಒಂದು ರೊಟ್ಟಿಗೆ ಎಷ್ಟು ಬೇಕೋ ಅಷ್ಟನ್ನೇ. ಉಳಿದದ್ದರ ಮೇಲೆ ಒದ್ದೆ ಬಟ್ಟೆ ಮುಚ್ಚಿ. ನಾನು ಹತ್ತು ರೊಟ್ಟಿಯ ಹಿಟ್ಟು ಒಟ್ಟಿಗೆ ನಾದಿಟ್ಟು, ಹತ್ತನೆಯದಕ್ಕೆ ಬರುವ ಹೊತ್ತಿಗೆ ಅದು ಒಣಗಿ, ಯಾಕೆ ಕೊನೆಯ ಮೂರು ಮಾತ್ರ ಬಿರಿಯುತ್ತವೆ ಎಂದು ತಲೆ ಕೆಡಿಸಿಕೊಂಡಿದ್ದೆ. ಮೊದಲಿನವು ಸರಿ ಬಂದು ಕೊನೆಯವು ಕೆಟ್ಟರೆ ಇದೇ ಕಾರಣ. ಆಗ ಹಿಟ್ಟನ್ನು ದೂರಬೇಡಿ.

ಬಡಿಯುವಾಗ

ಪ್ಲಾಸ್ಟರ್ ಇದ್ದ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಅವ್ವ ಮೂರನೇ ವಾರ ಊರಿಗೆ ವಾಪಸ್ ಬಂದಳು. ಅಡುಗೆಮನೆಗೆ ಬರುತ್ತಿರಲಿಲ್ಲ. ಪಡಸಾಲೆಯಲ್ಲಿ ಕೂತು ಬರೀ ಸಪ್ಪಳ ಕೇಳಿ ಹೇಳುತ್ತಿದ್ದಳು. ಪಟ್ ಪಟ್ ಎಂದು ಒಣಗಿದ ಸದ್ದು ಬಂದರೆ "ನೀರು ಕಮ್ಮಿ ಆಗ್ಯದ." ಪಚ್ ಪಚ್ ಎಂದರೆ "ಸಡಿಲ ಆಗ್ಯದ, ಹಿಟ್ಟು ಹಚ್ಚಿಕೋ." ಸದ್ದು ಒಂದೇ ಕಡೆ ಬಂದರೆ "ತಿರುಗಸೋ, ಅಲ್ಲೇ ಯಾಕ ಬಡೀತೀ?" ಗೋಳಗುಮ್ಮಟದಲ್ಲಿ ಒಂದು ಚಪ್ಪಾಳೆ ತಟ್ಟಿದರೆ ಏಳು ಸಲ ಕೇಳುತ್ತದೆ ಎನ್ನುತ್ತಾರೆ. ನಮ್ಮ ಮನೆಯಲ್ಲಿ ನಾನು ಒಂದು ಸಲ ಬಡಿದರೆ ಅವ್ವ ಏಳು ಸಲ ಹೇಳುತ್ತಿದ್ದಳು.

ಆದರೆ ಆ ಕಿವಿಯ ಲೆಕ್ಕ ತಪ್ಪಿದ್ದು ಕಡಿಮೆ. ಕಲ್ಲಿನ ಮೇಲೆ ಒಣ ಹಿಟ್ಟು ಉದುರಿಸಿ, ಉಂಡೆಯನ್ನು ಮೊದಲು ಎರಡೂ ಕೈಯಲ್ಲಿ ತಿರುಗಿಸುತ್ತಾ ಅಂಚನ್ನು ಒತ್ತಿ ಬಿಲ್ಲೆ ಮಾಡಬೇಕು. ಬಿಲ್ಲೆಯ ಅಂಚಿನಲ್ಲಿ ಸಣ್ಣ ಬಿರುಕು ಇದ್ದರೆ ಆಗಲೇ ಬೆರಳಿಂದ ಮುಚ್ಚಿ. ಬಿಲ್ಲೆಯಲ್ಲಿ ಕೂದಲೆಳೆಯಷ್ಟಿದ್ದ ಬಿರುಕು ರೊಟ್ಟಿ ದೊಡ್ಡದಾದಾಗ ಹೆಬ್ಬೆರಳು ತೂರುವಷ್ಟಾಗುತ್ತದೆ. ಆಮೇಲೆ ಮುಚ್ಚಿದರೆ ಅಲ್ಲಿ ದಪ್ಪ ಉಳಿಯುತ್ತದೆ.

ಬಡಿಯುವ ಕೈ ನಡುವಿನಿಂದ ಅಂಚಿಗೆ ಹೋಗಬೇಕು, ಇನ್ನೊಂದು ಕೈ ರೊಟ್ಟಿಯನ್ನು ತಿರುಗಿಸುತ್ತಿರಬೇಕು. ರೊಟ್ಟಿ ತಾನಾಗಿ ಕಲ್ಲಿನ ಮೇಲೆ ಜಾರುತ್ತಾ ತಿರುಗಿದರೆ ಕೆಳಗೆ ಒಣ ಹಿಟ್ಟು ಸರಿ ಇದೆ ಎಂದರ್ಥ. ತಿರುಗುವುದು ನಿಂತ ಕ್ಷಣವೇ ಅದು ಕಲ್ಲಿಗೆ ಹತ್ತಿದೆ. ಇನ್ನೊಂದು ಏಟು ಹಾಕಿದರೆ ಎತ್ತುವಾಗ ಹರಿಯುತ್ತದೆ. ಹಾಗೇ ಅಂಚು ಎತ್ತಿ ಕೆಳಗೆ ಹಿಟ್ಟು ಊದಿ. ನನ್ನ ಎತ್ತುವಾಗ ಹರಿಯುವ ತೊಂದರೆ ಇಷ್ಟರಲ್ಲೇ ಮುಗಿಯಿತು.

ಹಂಚು

ಹಂಚಿಗೆ ಹಾಕುವಾಗ ಯಾವ ಮೈ ಮೇಲೆ ಬರಬೇಕು ಎಂದು ನನಗೆ ಯಾರೂ ಹೇಳಿರಲಿಲ್ಲ. ಕಲ್ಲಿಗೆ ತಾಗಿದ್ದ, ಒಣ ಹಿಟ್ಟು ಹತ್ತಿದ ಮೈ ಮೇಲೆ ಬರಬೇಕು. ಅದರ ಮೇಲೆ ನೀರು ಹಚ್ಚಬೇಕು. ನಾನು ಉಲ್ಟಾ ಹಾಕುತ್ತಿದ್ದೆ. ಒಣ ಹಿಟ್ಟು ಹಂಚಿನ ಮೇಲೆ ಸೀದು ಹೊಗೆ ಎದ್ದು, ಮುಂದಿನ ರೊಟ್ಟಿಗೆಲ್ಲ ಆ ಕರಿ ಹತ್ತುತ್ತಿತ್ತು. ರೊಟ್ಟಿ ತಿಂದಾಗ ಬಾಯಲ್ಲಿ ಹಸಿ ಹಿಟ್ಟು ಸಿಕ್ಕಂತಾದರೆ ಅಥವಾ ಸುಟ್ಟ ಕಹಿ ಬಂದರೆ ಇದನ್ನು ನೋಡಿ.

ನೀರು ಹಚ್ಚಲು ಒಂದು ತುಂಡು ಹತ್ತಿ ಬಟ್ಟೆ ಸಾಕು. ಹಂಚಿಗೆ ಹಾಕಿದ ಕೂಡಲೇ ಹಚ್ಚಬೇಕು. ತಡ ಮಾಡಿದರೆ ಮೇಲ್ಮೈ ಒಣಗಿ ಕೆರೆಯ ತಳದ ಹಾಗೆ ಸೀಳು ಬಿಡುತ್ತದೆ. ಜಾಸ್ತಿ ಹಚ್ಚಿದರೆ ನೀರು ಅಂಚಿನಿಂದ ಕೆಳಗೆ ಇಳಿದು ರೊಟ್ಟಿ ಹಂಚಿಗೆ ಅಂಟುತ್ತದೆ.

ಹಂಚಿನ ಬಿಸಿ ನೋಡಲು ನೀರು ಚಿಮುಕಿಸಿ. ಹನಿ ಸುಮ್ಮನೆ ಕೂತು ನಿಧಾನ ಆರಿದರೆ ತಣ್ಣಗಿದೆ, ರೊಟ್ಟಿ ಅಂಟುತ್ತದೆ. ಚುಯ್ ಎಂದು ಕೂಡಲೇ ಆವಿಯಾದರೆ ಸರಿ. ಹನಿ ಮುತ್ತಿನ ಹಾಗೆ ಉರುಳಾಡಿದರೆ ಅತಿ ಬಿಸಿ, ಉರಿ ಇಳಿಸಿ.

ನಡುವೆ ಕರಿ ಕಲೆ, ಅಂಚಿನಲ್ಲಿ ಹಸಿ ಎಂದರೆ ಒಲೆಯ ಬರ್ನರ್ ಸಣ್ಣದು, ಹಂಚು ದೊಡ್ಡದು. ಕಟ್ಟಿಗೆ ಒಲೆಯಲ್ಲಿ ಉರಿ ಹಂಚಿನ ತುಂಬ ಹರಡುತ್ತಿತ್ತು, ಗ್ಯಾಸಿನಲ್ಲಿ ಅದು ಆಗುವುದಿಲ್ಲ. ದೊಡ್ಡ ಬರ್ನರ್‌ಗೆ ಬದಲಿಸಿ, ಇಲ್ಲವೇ ರೊಟ್ಟಿ ಸಣ್ಣದು ಮಾಡಿ. ನಾನು ರೊಟ್ಟಿ ಸಣ್ಣದು ಮಾಡಿದೆ. ಅವ್ವ ಇವತ್ತಿಗೂ ಅದನ್ನು ಬಿಸ್ಕೀಟು ಎನ್ನುತ್ತಾಳೆ.

ಉಬ್ಬದಿದ್ದರೆ

ಇದೇ ಎಲ್ಲರೂ ಕೇಳುವ ತೊಂದರೆ. ರೊಟ್ಟಿ ಉಬ್ಬುವುದು ಒಳಗಿನ ನೀರು ಹಬೆಯಾಗಿ, ಹೊರಗೆ ಹೋಗಲು ದಾರಿ ಸಿಗದೆ, ಎರಡು ಪದರವನ್ನು ಬೇರೆ ಮಾಡಿದಾಗ. ಅಂದರೆ ಮೂರು ಬೇಕು. ಒಳಗೆ ನೀರಿರಬೇಕು, ಎರಡೂ ಮೈ ಮುಚ್ಚಿಕೊಂಡಿರಬೇಕು, ಕೊನೆಗೆ ಜೋರು ಬಿಸಿ ಸಿಗಬೇಕು. ಯಾವುದು ತಪ್ಪಿದೆ ಎಂದು ರೊಟ್ಟಿಯೇ ತೋರಿಸುತ್ತದೆ. ಉಬ್ಬದ ರೊಟ್ಟಿಯನ್ನು ಬಿಸಾಡುವ ಮೊದಲು ಬೆಳಕಿಗೆ ಹಿಡಿದು ನೋಡಿ.

ನಾನು ಒಂದು ದಿನ ಹಾಗೆ ಕಿಟಕಿಯ ಹತ್ತಿರ ಹಿಡಿದೆ. ಅಂಚು ತೆಳ್ಳಗೆ, ಬೆಳಕು ಕಾಣುವಷ್ಟು. ನಡುವೆ ಅಂಗೈ ಅಗಲ ಕತ್ತಲು. ನಡುವಿನ ದಪ್ಪ ಬೇಯುವ ಹೊತ್ತಿಗೆ ಅಂಚು ಒಣಗಿ ಸಣ್ಣ ಸೀಳು ಬಿಟ್ಟಿತ್ತು. ಹಬೆ ಅಲ್ಲಿಂದ ಹೋಗಿತ್ತು. ವೈನಿಯ ಹಿಟ್ಟಿನಲ್ಲಿ ಉಬ್ಬದ ನನ್ನ ಎರಡು ರೊಟ್ಟಿಗಳ ಗುಟ್ಟು ಇದೇ. ನಾನು ಅಂಚು ಬಿರಿಯುತ್ತದೆ ಎಂಬ ಹೆದರಿಕೆಗೆ ಅಂಚನ್ನೇ ಬಡಿಬಡಿದು ನಡುವನ್ನು ಬಿಟ್ಟುಬಿಡುತ್ತಿದ್ದೆ. ಹಳೇ ಹಿಟ್ಟು ನನಗೆ ಕಲಿಸಿದ್ದ ಕೆಟ್ಟ ಅಭ್ಯಾಸ ಹೊಸ ಹಿಟ್ಟಿನಲ್ಲೂ ಮುಂದುವರಿದಿತ್ತು.

ಒಂದೇ ಕಡೆ ಉಬ್ಬಿ ಇನ್ನೊಂದು ಕಡೆ ಚಪ್ಪಟೆ ಉಳಿದರೆ ಆ ಚಪ್ಪಟೆ ಕಡೆ ತೂತು ಹುಡುಕಿ. ಉಗುರು ತಾಗಿರುತ್ತದೆ, ಇಲ್ಲವೇ ಮಗುಚುವ ಚಮಚದ ಮೂಲೆ ಚುಚ್ಚಿರುತ್ತದೆ. ಉಬ್ಬುತ್ತಿರುವಾಗಲೇ ಹಬೆ ಚುಸ್ ಎಂದು ಒಂದು ಕಡೆಯಿಂದ ಹೊರಟರೆ ಒದ್ದೆ ಬಟ್ಟೆಯಿಂದ ಆ ತೂತನ್ನು ಮೆಲ್ಲಗೆ ಒತ್ತಿ ಹಿಡಿಯಿರಿ. ಉಳಿದದ್ದು ಉಬ್ಬುತ್ತದೆ. ಕೈ ಹುಷಾರು, ಹಬೆ ಉರಿಗಿಂತ ಕೆಟ್ಟದು.

ಎಲ್ಲೂ ತೂತಿಲ್ಲ, ದಪ್ಪವೂ ಸಮ ಇದೆ, ಆದರೂ ಉಬ್ಬಲಿಲ್ಲ ಎಂದರೆ ಮಗುಚುವ ಹೊತ್ತು ತಪ್ಪಿದೆ. ಹಚ್ಚಿದ ನೀರಿನ ಹೊಳಪು ಹೋಗಿ, ಇನ್ನೂ ಪೂರ್ತಿ ಒಣಗದೆ ಇರುವಾಗ ಮಗುಚಬೇಕು. ಬೇಗ ಮಗುಚಿದರೆ ಹಸಿ ಮೈ ಹಂಚಿಗೆ ಕಿತ್ತು ಹೋಗುತ್ತದೆ. ತಡವಾದರೆ ಒಳಗಿನ ನೀರು ಆರಿ, ಹಬೆಗೆ ಏನೂ ಉಳಿದಿರುವುದಿಲ್ಲ. ಎರಡನೇ ಮೈ ಬೆಂದ ಮೇಲೆ ಹಂಚು ಪಕ್ಕಕ್ಕಿಟ್ಟು ನೇರ ಉರಿಗೆ ಹಿಡಿಯಿರಿ. ಹಿಂದೆ ಒಲೆಯ ಬಾಯಿಗೆ, ಕೆಂಡದ ಎದುರು ನಿಲ್ಲಿಸುತ್ತಿದ್ದರು. ಆ ರೊಟ್ಟಿಯ ವಾಸನೆ ಗ್ಯಾಸಿನಲ್ಲಿ ಬರುವುದಿಲ್ಲ.

ಆರಿದ ಮೇಲೆ

ಬಿಸಿ ಇದ್ದಾಗ ಮೆತ್ತಗೆ, ಮಧ್ಯಾಹ್ನ ಡಬ್ಬಿ ತೆಗೆದರೆ ಹಪ್ಪಳ. ಬೆಂದು ಅಂಟಾಗಿದ್ದ ಪಿಷ್ಟ ಆರುತ್ತಾ ಮತ್ತೆ ಗಟ್ಟಿಯಾಗುವುದು ಅದರ ಗುಣ. ಪೂರ್ತಿ ತಪ್ಪಿಸಲು ಆಗುವುದಿಲ್ಲ. ಬಿಸಿ ಇರುವಾಗಲೇ ಹತ್ತಿ ಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟರೆ ಸಂಜೆವರೆಗೆ ತಡೆಯುತ್ತದೆ. ಸ್ಟೀಲ್ ಡಬ್ಬಿಯಲ್ಲಿ ಬಿಸಿ ಬಿಸಿ ಹಾಕಿ ಮುಚ್ಚಿದರೆ ಬೆವರಿ ಮೇಲಿನದು ಒದ್ದೆ, ಕೆಳಗಿನದು ಗಟ್ಟಿ. ಫ್ರಿಜ್ ಬೇಡವೇ ಬೇಡ. ಆ ತಂಪಿನಲ್ಲಿ ರೊಟ್ಟಿ ಹೊರಗಿಗಿಂತ ಬೇಗ ಬಿರುಸಾಗುತ್ತದೆ.

ಖಡಕ್ ರೊಟ್ಟಿಯ ತೊಂದರೆ ಇದರ ಉಲ್ಟಾ. ಎಳ್ಳಮಾಸಿಗೆ (ಎಳ್ಳು ಅಮಾವಾಸ್ಯೆ) ಹೊಲಕ್ಕೆ ಒಯ್ಯಲು ಎಂದು ನಾವು ವಾರ ಮೊದಲೇ ಮಾಡಿಡುತ್ತೇವೆ. ನಡುವೆ ಮೆತ್ತಗಾದರೆ ಅಥವಾ ಬೂಷ್ಟು ಹತ್ತಿದರೆ ತೇವ ಒಳಗೇ ಉಳಿದಿದೆ. ತೆಳ್ಳಗೆ ಬಡಿದು, ಸಣ್ಣ ಉರಿಯಲ್ಲಿ ಬಟ್ಟೆಯಿಂದ ಒತ್ತುತ್ತಾ ನಿಧಾನ ಒಣಗಿಸಬೇಕು. ಪೂರ್ತಿ ಆರಿದ ಮೇಲೆ ಮಾತ್ರ ಪೇರಿಸಬೇಕು. ಮುರಿದಾಗ ಟಕ್ ಎನ್ನಬೇಕು. ಸಂಕ್ರಾಂತಿ ಮುನ್ನಾ ದಿನ ಭೋಗಿಗೆ ಮಾಡುವ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಗೂ ಇದೇ ಕ್ರಮ. ಸಜ್ಜಿ ಹಿಟ್ಟು ಜೋಳಕ್ಕಿಂತ ಬೇಗ ಕಹಿಯಾಗುತ್ತದೆ, ಅದನ್ನು ವಾರದ ಮೇಲೆ ಇಡಬೇಡಿ.

ರೊಟ್ಟಿ ಸರಿ ಇದ್ದು ಪಲ್ಯ ಕೈಕೊಟ್ಟ ದಿನ

ಝುಣಕ ಗಂಟುಗಂಟಾದರೆ ಕಡಲೆ ಹಿಟ್ಟನ್ನು ಕುದಿಯುವ ಒಗ್ಗರಣೆ ನೀರಿಗೆ ನೇರ ಹಾಕಿದ್ದೀರಿ. ಮೊದಲು ತಣ್ಣೀರಿನಲ್ಲಿ ಕದಡಿ. ಶೇಂಗಾ ಚಟ್ನಿ ಪುಡಿಯಾಗದೆ ಮುದ್ದೆಯಾದರೆ ಶೇಂಗಾ ಬಿಸಿ ಇರುವಾಗಲೇ ಮಿಕ್ಸರ್‌ಗೆ ಹಾಕಿದ್ದೀರಿ, ಇಲ್ಲವೇ ಮಿಕ್ಸರ್ ಬಿಡದೆ ಓಡಿಸಿದ್ದೀರಿ. ಎಣ್ಣೆ ಬಿಟ್ಟುಕೊಂಡಿದೆ. ಅದನ್ನು ಎಣ್ಣೆಗಾಯಿ ಬದನೆಗೆ ತುಂಬಿಬಿಡಿ, ಯಾರಿಗೂ ಗೊತ್ತಾಗುವುದಿಲ್ಲ. ನನ್ನ ಅತ್ಯುತ್ತಮ ಎಣ್ಣೆಗಾಯಿ ಹುಟ್ಟಿದ್ದೇ ಹಾಗೆ. ಹೆಂಡತಿ ಎರಡನೇ ಸಲ ಬಡಿಸಿಕೊಂಡಳು, ಪಾಕ ಕೇಳಿದಳು. ನಾನು ಹೇಳಲಿಲ್ಲ.

ಬೇಳೆ ಎಷ್ಟು ಸೀಟಿ ಹೊಡೆಸಿದರೂ ಬೇಯದಿದ್ದರೆ ನೀರನ್ನು ನೋಡಿ. ಬೋರಿನ ಗಡಸು ನೀರಿನಲ್ಲಿರುವ ಸುಣ್ಣದಂಶ ಬೇ‍ಳೆಯ ಒಳಗಿನ ಅಂಟನ್ನು ಬಿಗಿ ಮಾಡುತ್ತದೆ. ನಳದ ನೀರಿನಲ್ಲಿ ಬೇಯಿಸಿ. ಹುಣಸೆ, ಟೊಮೆಟೊ ಬೇಳೆ ಬೆಂದ ಮೇಲೆ. ಬೋರ್ ಮೋಟಾರಿನವನಾಗಿ ಇದನ್ನು ಹೇಳಬಾರದು, ಆದರೂ ಹೇಳಿದ್ದೇನೆ.

ಮೊದಲ ರೊಟ್ಟಿ

ಇಷ್ಟೆಲ್ಲ ಸರಿಪಡಿಸಿದ ಮೇಲೂ ದಿನದ ಮೊದಲ ರೊಟ್ಟಿ ಮಾತ್ರ ನನಗೆ ಕೈಕೊಡುತ್ತಲೇ ಇತ್ತು. ಹಂಚು ಹತ್ತು ನಿಮಿಷ ಕಾಯಿಸಿ ನೋಡಿದೆ. ಬೇರೆ ಹಂಚು ತಂದು ನೋಡಿದೆ. ಮೊದಲು ಒಂದು ಚೂರು ಹಿಟ್ಟಿನ ಬಿಲ್ಲೆ ಬೇಯಿಸಿ ಹಂಚನ್ನು ಪಳಗಿಸಿ ನೋಡಿದೆ. ಎರಡನೆಯದರಿಂದ ಎಲ್ಲ ಗುಂಡಗೆ ಉಬ್ಬುತ್ತವೆ. ಮೊದಲನೆಯದು ಕಲೆ ಬಿದ್ದು, ಚಪ್ಪಟೆಯಾಗಿ, ಒಂದು ಕಡೆ ಅಂಟಿಕೊಂಡು ಬರುತ್ತದೆ.

ಪ್ಲಾಸ್ಟರ್ ಬಿಚ್ಚಿ, ಕೈ ಪೂರ್ತಿ ಬಲ ಬಂದ ಮೇಲೆ ಅವ್ವ ಒಂದು ಮುಂಜಾನೆ ತಾನೇ ಬಡಿಯಲು ಕೂತಳು. ನಾನು ಪಕ್ಕದಲ್ಲಿ ನಿಂತೆ. ಅವಳ ಮೊದಲ ರೊಟ್ಟಿಯೂ ಅಂಟಿತು, ಚಪ್ಪಟೆ ಉಳಿಯಿತು. ಏನೂ ಆಗದವಳ ಹಾಗೆ ಅದನ್ನು ಮಡಚಿ ತನ್ನ ತಾಟಿನ ಕೆಳಗೆ ಸರಿಸಿದಳು.

"ದಿನಾ ಹಿಂಗ ಏನವ್ವ?" ಎಂದು ಕೇಳಿದೆ.

"ಮತ್ತ? ಮದಲಿಂದು ನಾ ತಿಂತೀನಿ" ಎಂದು ಎರಡನೆಯದಕ್ಕೆ ನೀರು ಹಚ್ಚಿದಳು.